ಹಬ್ಬದ ಮೇಣದ ಬತ್ತಿ ದುಡಿದ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಮ್ಮ ಚರ್ಚಿನ ವಾರ್ಷಿಕ ಹಬ್ಬದ ಸುದ್ದಿ ಬಂದಿತ್ತು. ಜೊತೆಗೆ ಮೆರವಣಿಗೆಯ ಫೋಟೋ. ನೋಡಿ ಖುಷಿಯಾಯಿತು, ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಪೂಜೆ ಅರ್ಪಿಸಿದವರು ಯಾರು, ಪ್ರವಚನ ಕೊಟ್ಟವರು ಯಾರು, ಪಾಲನಾ ಮಂಡಳಿಯ ಉಪಾಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು, ಅಕ್ಕಪಕ್ಕದ ಯಾವ್ಯಾವ ಚರ್ಚಿನಿಂದ ಧರ್ಮಗುರುಗಳು ಬಂದಿದ್ದರು, ಎಲ್ಲ ಬರೆದಿದ್ದಿರಿ. ಕೊನೆಯ ಸಾಲು ಹೀಗಿತ್ತು: ದಾನಿಗಳಿಗೆ ಮೇಣದ ಬತ್ತಿ ನೀಡಿ ಗೌರವಿಸಲಾಯಿತು. ಆ ಸಾಲು ಓದಿದ ಮೇಲೆ ನನಗೆ ಸುಮ್ನೆ ಕೂರಲಾಗಲಿಲ್ಲ. ಅದಕ್ಕೇ ಈ ಪತ್ರ.

ತಪ್ಪು ನಿಮ್ಮದಲ್ಲ. ನಡೆದದ್ದನ್ನೇ ಬರೆದಿದ್ದೀರಿ. ನಾನು ಹೇಳಬೇಕಾಗಿರುವುದು ನಮ್ಮವರಿಗೇ. ಆದರೆ ಕರಾವಳಿಯ ಹೆಚ್ಚಿನ ಚರ್ಚುಗಳಲ್ಲಿ ಇದು ಹೀಗೇ ನಡೆಯುವುದರಿಂದ ನಿಮ್ಮ ಪತ್ರಿಕೆಯ ಮೂಲಕವೇ ಹೇಳುವುದು ಒಳ್ಳೆಯದು ಅನ್ನಿಸಿತು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ನಮ್ಮಲ್ಲಿ ಪ್ರತಿ ಚರ್ಚಿಗೂ ಒಬ್ಬ ಪಾಲಕ ಸಂತರಿರುತ್ತಾರೆ. ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ನಡೆಯುವ ಹಬ್ಬಕ್ಕೆ ನಾವು ಸಾಂತ್‌ಮಾರಿ ಅನ್ನುತ್ತೇವೆ. ಒಂಬತ್ತು ದಿನ ಮೊದಲೇ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು. ಹಬ್ಬದ ಹಿಂದಿನ ಭಾನುವಾರ ಕೊಂಫ್ರಿ ಆಯ್ತಾರ್, ಅಂದರೆ ಬಾಂಧವ್ಯದ ಭಾನುವಾರ. ಅವತ್ತು ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಆಶೀರ್ವದಿಸಿದ ರೊಟ್ಟಿಯ, ಮೆರವಣಿಗೆ ಪೇಟೆಯ ಬೀದಿಗೆ ಬರುತ್ತದೆ. ದಾರಿಯುದ್ದಕ್ಕೂ ತೋರಣ ಕಟ್ಟುವುದರಲ್ಲಿ ನಮ್ಮ ಊರಿನ ಹಿಂದೂ ಅಂಗಡಿಯವರೂ ಇರುತ್ತಾರೆ. ಹಬ್ಬದ ಹಿಂದಿನ ಸಂಜೆ ವೆಸ್ಪರ್ ಪ್ರಾರ್ಥನೆ, ಮರುದಿನ ದೊಡ್ಡ ಪೂಜೆ. ಆ ಪೂಜೆ ಮುಗಿಯುವಾಗ ಹಬ್ಬಕ್ಕೆ ಹಣ ಕೊಟ್ಟವರ ಹೆಸರನ್ನು ಒಂದೊಂದಾಗಿ ಕರೆಯುತ್ತಾರೆ. ಅವರು ಪೀಠದ ಮುಂದೆ ಬಂದು ಗುರುಗಳ ಕೈಯಿಂದ ಆಶೀರ್ವದಿಸಿದ ಮೇಣದ ಬತ್ತಿ ಪಡೆಯುತ್ತಾರೆ. ಚೆಂದದ ಕ್ರಮ. ನನಗೆ ಸಣ್ಣಂದಿನಿಂದಲೂ ಇಷ್ಟ.

ನನಗೂ ಒಂದು ವರ್ಷ ಆ ಮೇಣದ ಬತ್ತಿ ಸಿಕ್ಕಿದೆ. ಮಸ್ಕತ್‌ನಲ್ಲಿ 27 ವರ್ಷ ದುಡಿದವನು ನಾನು. ಅಲ್ಲಿ ಭಾನುವಾರ ಕೆಲಸದ ದಿನ. ಹಾಗಾಗಿ ಶುಕ್ರವಾರ ರೂವಿಯ ಸಂತ ಪೇತ್ರ-ಪಾವ್ಲರ ಚರ್ಚಿಗೆ ಪೂಜೆಗೆ ಹೋಗುತ್ತಿದ್ದೆವು. ಊರಿನ ಹಬ್ಬದ ದಿನ ಮನೆಗೆ ಫೋನ್ ಮಾಡಿ "ಬ್ಯಾಂಡ್ ಬಂತಾ? ಗಂಟೆ ಹೊಡೆದ್ರಾ?" ಅಂತ ಕೇಳುವುದು. ಅಮ್ಮ ಫೋನನ್ನು ಕಿಟಕಿಯ ಹೊರಗೆ ಹಿಡಿಯುತ್ತಿದ್ದರು, ಚರ್ಚಿನ ಗಂಟೆ ನನಗೆ ಕೇಳಲಿ ಅಂತ. ಒಂದು ವರ್ಷ ರಜೆ ಸಿಕ್ಕಿತು, ಹಬ್ಬಕ್ಕೆ ಸ್ವಲ್ಪ ಹಣವನ್ನೂ ಕೊಟ್ಟೆ, ನನ್ನ ಹೆಸರು ಕರೆದರು. ಆ ಬತ್ತಿ ಈಗಲೂ ನಮ್ಮ ದೇವರ ಪೀಠದ ಹತ್ತಿರ ಇದೆ. ಗುಡುಗು ಸಿಡಿಲಿನ ರಾತ್ರಿಗಳಲ್ಲಿ ಹಚ್ಚಿ ಹಚ್ಚಿ ಅರ್ಧ ಕರಗಿದೆ. ಹಾಗಾಗಿ ಗಲ್ಫಿನಲ್ಲಿ ಬಿಸಿಲಲ್ಲಿ ಬೆಂದು ದುಡಿದ ಹಣದಲ್ಲಿ ಹಬ್ಬಕ್ಕೆ ಒಂದು ಪಾಲು ತೆಗೆದಿಡುವವನ ಮನಸ್ಸು ನನಗೆ ಚೆನ್ನಾಗಿ ಗೊತ್ತು. ಅವರನ್ನು ಕಡಿಮೆ ಮಾಡಿ ಮಾತಾಡುವ ಉದ್ದೇಶ ನನಗಿಲ್ಲ.

ಈಗ ಈ ವರ್ಷ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮ ವಾರ್ಡಿನಲ್ಲಿ, ಅಂದರೆ ಚರ್ಚಿನ ನಮ್ಮ ಕಡೆಯ ಮನೆಗಳ ಗುಂಪಿನಲ್ಲಿ, ಒಬ್ಬರು ಅಜ್ಜಿ ಇದ್ದಾರೆ. ಗಂಡ ತೀರಿಕೊಂಡು ತುಂಬಾ ವರ್ಷವಾಯಿತು. ಮನೆಯ ಹಿಂದೆ ಒಂದಷ್ಟು ಮಲ್ಲಿಗೆ ಗಿಡಗಳಿವೆ, ಅದೇ ಜೀವನ. ಶಂಕರಪುರ ಮಲ್ಲಿಗೆಯ ಲೆಕ್ಕ ಗೊತ್ತಿರುವವರಿಗೆ ಗೊತ್ತು: ಒಂದು ಚೆಂಡು ಅಂದರೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ಯಬೇಕು, ಒದ್ದೆ ಮಾಡಿದ ಬಾಳೆ ನಾರಿನಲ್ಲಿ ಒಂದೊಂದೇ ಸೇರಿಸಿ ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. ಚಳಿಗಾಲದಲ್ಲಿ ಗಿಡದಲ್ಲಿ ಹೂ ಕಡಿಮೆ, ದರ ಜಾಸ್ತಿ. ನಮ್ಮ ಹಬ್ಬ ಬರುವುದೂ ಅದೇ ಜನವರಿಯಲ್ಲಿ. ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ಸಿಗುವ ಆ ದಿನಗಳಲ್ಲಿ ಈ ಅಜ್ಜಿ ಎರಡು ಚೆಂಡು ಹೂವನ್ನು ಮಾರುವುದಿಲ್ಲ. ಬಾಳೆ ಎಲೆಯಲ್ಲಿ ಸುತ್ತಿ ವೆಸ್ಪರಿನ ಸಂಜೆ ತಂದು ಸಂತರ ಮೂರ್ತಿಗೆ ಕೊಡುತ್ತಾರೆ. 1,600 ಮೊಗ್ಗು. ಅವರ ಬೆರಳಿನ ತುದಿ ನೋಡಿದ್ದೇನೆ, ನಾರು ಎಳೆದೂ ಎಳೆದೂ ಗೆರೆ ಬಿದ್ದಿದೆ.

ಈ ಸಲ ಹೂವಿನ ಅಲಂಕಾರಕ್ಕೆ ಒಂದು ಕುಟುಂಬ ಹಣ ಕೊಟ್ಟಿತ್ತು. ಹೊರಗಿನಿಂದ ಬಣ್ಣಬಣ್ಣದ ಹೂ ಬಂತು, ಕೆಲಸದವರೂ ಬಂದರು, ಪೀಠ ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಪೂಜೆಯ ಕೊನೆಗೆ ಮೈಕಿನಲ್ಲಿ "ಹೂವಿನ ಅಲಂಕಾರದ ದಾನಿಗಳು" ಅಂತ ಆ ಕುಟುಂಬದ ಹೆಸರು ಕರೆದರು. ಮೂರ್ತಿಯ ಕೊರಳಲ್ಲಿ ಇದ್ದದ್ದು ಮಾತ್ರ ಅಜ್ಜಿಯ ಮಲ್ಲಿಗೆ. ನಾನು ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ, ಅವರು ನನ್ನ ಪಕ್ಕದ ಬೆಂಚಿನಲ್ಲಿ. ಮೊಮ್ಮಗಳು ಮೆಲ್ಲಗೆ ಕೇಳಿದಳು, "ಅಜ್ಜಿ, ಹೂ ನಮ್ಮದಲ್ವಾ? ನಿನ್ನ ಹೆಸರು ಯಾಕೆ ಹೇಳ್ಲಿಲ್ಲ?" ಅಜ್ಜಿ ಅವಳ ತಲೆ ಸವರಿ, "ಹೆಸರು ಹೇಳಿದ್ರೆ ಗಿಡದಲ್ಲಿ ಹೂ ಜಾಸ್ತಿ ಆಗ್ತದಾ ಮಗಾ?" ಅಂದರು.

ಅಜ್ಜಿಗೆ ಬೇಸರ ಇಲ್ಲ. ಆದರೆ ಆ ಮಗುವಿನ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಅವಳಿಗೆ ಏಳೋ ಎಂಟೋ ವರ್ಷ. ಚರ್ಚಿನಲ್ಲಿ ಯಾರನ್ನು ಮುಂದೆ ಕರೆಯುತ್ತಾರೆ, ಯಾರು ಹಿಂದೆ ಕೂರುತ್ತಾರೆ ಅನ್ನುವುದನ್ನು ಅವಳು ಅವತ್ತು ಕಲಿತಳು. ಹಣ ಕೊಟ್ಟರೆ ರಸೀದಿ ಇದೆ, ರಸೀದಿ ಇದ್ದರೆ ಪಟ್ಟಿಯಲ್ಲಿ ಹೆಸರಿದೆ. ಮಲ್ಲಿಗೆಗೆ ರಸೀದಿ ಇಲ್ಲ. ಯಾರೋ ಬೇಕೆಂದೇ ಮಾಡಿದ್ದಲ್ಲ, ಯಾರಿಗೂ ಹೊಳೆಯಲಿಲ್ಲ ಅಷ್ಟೇ. ಹೊಳೆಯದೇ ಹೋದದ್ದೇ ನನಗೆ ಜಾಸ್ತಿ ನೋವು.

ನಮ್ಮ ಪಾಲಕ ಸಂತರು ಯಾರು ಗೊತ್ತಾ? ಸಂತ ಲಾರೆನ್ಸ್. ಬೇರೆ ಯಾವುದೇ ಸಂತರ ಹಬ್ಬವಾಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ಬರೆಯುತ್ತಿರಲಿಲ್ಲವೋ ಏನೋ.

ಲಾರೆನ್ಸರು ರೋಮಿನ ಏಳು ಡೀಕನರಲ್ಲಿ ಒಬ್ಬರು. ಡೀಕನ್ ಅಂದರೆ ಸೇವಕ. ಈ ಕೆಲಸ ಹೇಗೆ ಹುಟ್ಟಿತು ಅನ್ನುವುದು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯದಲ್ಲಿದೆ. ಜೆರುಸಲೇಮಿನಲ್ಲಿ ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂತು. ಆಗ ಬಡಿಸುವುದಕ್ಕೆಂದೇ ಏಳು ಜನರನ್ನು ಆರಿಸಿದರು. ಯೋಚನೆ ಮಾಡಿ, ಚರ್ಚಿನ ಮೊದಲ ಜಗಳಗಳಲ್ಲಿ ಒಂದು ಪಂಕ್ತಿಯಲ್ಲಿ ಬಿಟ್ಟುಹೋದ ವಿಧವೆಯರ ಬಗ್ಗೆ. ಅದಕ್ಕೆ ಹಿರಿಯರು "ಸುಮ್ನಿರಿ" ಅನ್ನಲಿಲ್ಲ, ಒಂದು ವ್ಯವಸ್ಥೆಯನ್ನೇ ಮಾಡಿದರು.

258ನೇ ಇಸವಿ. ವಲೇರಿಯನ್ ಚಕ್ರವರ್ತಿಯ ಕಾಲ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತಸರನ್ನು ಕೊಂದರು. ಚರ್ಚಿನ ಹಣಕಾಸು ನೋಡಿಕೊಳ್ಳುತ್ತಿದ್ದವರು ಲಾರೆನ್ಸರು. ಅಧಿಕಾರಿ ಅವರನ್ನು ಕರೆದು, ಚರ್ಚಿನ ಸಂಪತ್ತೆಲ್ಲ ತಂದು ಒಪ್ಪಿಸು ಅಂದ. ಅವರು ಸಮಯ ಕೇಳಿದರು. ಇದ್ದದ್ದನ್ನೆಲ್ಲ ಬಡವರಿಗೆ ಹಂಚಿದರು. ಆಮೇಲೆ ಕುರುಡರು, ಕುಂಟರು, ವಿಧವೆಯರು, ಗತಿಯಿಲ್ಲದವರು, ಎಲ್ಲರನ್ನೂ ಕರೆದುಕೊಂಡು ಹೋಗಿ ಅಧಿಕಾರಿಯ ಮುಂದೆ ನಿಲ್ಲಿಸಿ, ಇವರೇ ಚರ್ಚಿನ ಸಂಪತ್ತು ಅಂದರು. ಈ ಕತೆಯನ್ನು 4ನೇ ಶತಮಾನದಲ್ಲೇ ಸಂತ ಅಂಬ್ರೋಸರು ಬರೆದಿಟ್ಟಿದ್ದಾರೆ. ಆಗಸ್ಟ್ 10ರಂದು ಲಾರೆನ್ಸರನ್ನು ಕೊಂದರು, ಕಾದ ಕಬ್ಬಿಣದ ಜಾಲರಿಯ ಮೇಲೆ ಸುಟ್ಟರು ಅನ್ನುವುದು ಪರಂಪರೆ. ಅದಕ್ಕೇ ಅವರ ಮೂರ್ತಿಯ ಕೈಯಲ್ಲಿ ಜಾಲರಿ ಇರುತ್ತದೆ. ಅಡುಗೆಯವರಿಗೂ ಅವರೇ ಪಾಲಕ ಸಂತರು.

ಅಡುಗೆಯವರ ಸಂತ! ಅವರ ಹಬ್ಬದ ದಿನ ಅಡುಗೆಯವರು ಎಲ್ಲಿರುತ್ತಾರೆ? ದೊಡ್ಡ ಪೂಜೆಯ ಹೊತ್ತಿಗೆ ಚರ್ಚಿನ ಹಿಂಬದಿಯ ಬಾವಿಯ ಹತ್ತಿರ, ಶೆಡ್ಡಿನ ಕೆಳಗೆ, ಹೊಗೆಯಲ್ಲಿ. ಈ ವರ್ಷ ರಾತ್ರಿ 3 ಗಂಟೆಗೆ ಒಲೆ ಹಚ್ಚಿದರು. ನಾನೂ ಹೋಗಿದ್ದೆ, ಈರುಳ್ಳಿ ಕತ್ತರಿಸಲಿಕ್ಕೆ. ಚಳಿ, ಇಬ್ಬನಿ. ಹೆಂಗಸರು ಚಾಪೆ ಹಾಸಿ ಸಾಲಾಗಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಒಬ್ಬರು ಜಪಮಾಲೆ ಹೇಳಿಸುತ್ತಿದ್ದರು, ಉಳಿದವರು ತುರಿಯುತ್ತಲೇ ಉತ್ತರ ಕೊಡುತ್ತಿದ್ದರು, ಮಧ್ಯದಲ್ಲಿ ಯಾರೋ "ಉಪ್ಪು ಹಾಕಿದ್ದೀರಾ?" ಅಂತ ಕೂಗಿದರೆ ಅದಕ್ಕೂ ಉತ್ತರ ಕೊಟ್ಟು ಮತ್ತೆ ಪ್ರಾರ್ಥನೆಗೆ ಬರುತ್ತಿದ್ದರು. ನನ್ನ ಮಟ್ಟಿಗೆ ಈ ವರ್ಷದ ಹಬ್ಬದಲ್ಲಿ ದೇವರು ಅತೀ ಹತ್ತಿರ ಇದ್ದದ್ದು ಅಲ್ಲೇ. ಬೆಳಿಗ್ಗೆ ದೊಡ್ಡ ಗಂಟೆ ಹೊಡೆದಾಗ ಒಲೆ ಮುಂದಿದ್ದವರು ಸೌಟು ಬಿಟ್ಟು ಚರ್ಚಿನ ಕಡೆ ತಿರುಗಿ ಶಿಲುಬೆ ಗುರುತು ಹಾಕಿಕೊಂಡರು. ಒಳಗೆ ಹೋಗಲಿಕ್ಕೆ ಪುರುಸೊತ್ತಿಲ್ಲ. ಅನ್ನ ತಳ ಹಿಡಿಯುತ್ತದೆ.

ಇವರಲ್ಲದೆ ಇನ್ನೂ ಎಷ್ಟೋ ಜನ. ನಾವು ಮಿರ್ನ್ ಅಂತ ಕರೆಯುವ, ಪೀಠದ ಕೆಲಸ ನೋಡಿಕೊಳ್ಳುವವರು. ಹಬ್ಬದ ವಾರದಲ್ಲಿ ಅವರಿಗೆ ಸರಿಯಾದ ನಿದ್ದೆ ಇರುವುದಿಲ್ಲ. ಮನೆಮನೆಗೆ ಹೋಗಿ ಅಕ್ಕಿ, ತೆಂಗಿನಕಾಯಿ, ವಂತಿಗೆ ಒಟ್ಟು ಮಾಡುವ ಗುರ್ಕಾರರು, ಅಂದರೆ ವಾರ್ಡಿನ ಮುಖಂಡರು. ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ಟಾರ್ಚ್ ಹಿಡಿದು ನಿಂತ ಹುಡುಗರು. ಹಬ್ಬದ ಮರುದಿನ ನೆಲಕ್ಕೆ ಬಿದ್ದ ಮೇಣವನ್ನು ಚಮಚದಲ್ಲಿ ಕೆರೆದು ತೆಗೆಯುವ ಹೆಂಗಸರು. ಇವರ ಕ್ರೈಸ್ತರಲ್ಲದ ಗೆಳೆಯರು, ಅಕ್ಕಪಕ್ಕದವರು, ಚಪ್ಪರಕ್ಕೆ ಅಡಿಕೆ ಮರದ ಕಂಬ ತಂದು ಹಾಕಿದವರು.

ಈ ಜನ ಹಬ್ಬಕ್ಕೆ ಮಾತ್ರ ಬರುವವರಲ್ಲ, ಅದನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡ ರಾತ್ರಿ ಮಳೆ ಸುರಿಯುತ್ತಿತ್ತು. ನಾನು ವಿಮಾನದಲ್ಲಿದ್ದೆ. ಮರಣದ ಗಂಟೆ ಕೇಳಿದ ಅರ್ಧ ಗಂಟೆಯೊಳಗೆ ಗುರ್ಕಾರರು ಬಂದರಂತೆ, ಆಮೇಲೆ ಒಬ್ಬೊಬ್ಬರಾಗಿ ಇಡೀ ವಾರ್ಡು. ಯಾರೋ ಗಂಜಿ ತಂದರು, ಯಾರೋ ಅಂಗಳದಲ್ಲಿ ಟಾರ್ಪಾಲು ಕಟ್ಟಿದರು, ಯಾರೋ ರಾತ್ರಿಯಿಡೀ ಅಮ್ಮನ ಪಕ್ಕ ಕೂತರು. ಮಲ್ಲಿಗೆ ಅಜ್ಜಿಯೇ ಅದು. ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ವರ್ಷವಿಡೀ ಹೀಗೆಯೇ ಕೆಲಸ ಮಾಡುತ್ತಾರೆ. 1833ರಲ್ಲಿ ಪ್ಯಾರಿಸಿನಲ್ಲಿ ಕೆಲವು ಯುವಕರು ಶುರು ಮಾಡಿದ ಸಭೆ ಇವತ್ತು ನಮ್ಮ ಸಣ್ಣ ಚರ್ಚಿನಲ್ಲೂ ಇದೆ. ಯಾರ ಮನೆಗೆ ಅಕ್ಕಿ ಹೋಯಿತು, ಯಾರ ಮಗುವಿನ ಫೀಸು ಕಟ್ಟಿದರು ಅನ್ನುವುದನ್ನು ಅವರು ಬಾಯಿ ಬಿಡುವುದಿಲ್ಲ. ಚರ್ಚ್ ಅಂದರೆ ನನಗೆ ಇದು. ಕಟ್ಟಡಕ್ಕೆ ಬಣ್ಣ ಹೊಡೆದದ್ದು, ಲೈಟಿನ ಸರ ಹಾಕಿದ್ದು ಆಮೇಲಿನ ಮಾತು.

ನಮ್ಮ ಜಿಲ್ಲೆಯಲ್ಲೇ ಅತ್ತೂರು ಇದೆ. ಕಾರ್ಕಳದ ಹತ್ತಿರದ ಸಂತ ಲಾರೆನ್ಸರ ಬಸಿಲಿಕ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು. ಅಲ್ಲಿಯ ಹಬ್ಬವನ್ನು ಅತ್ತೂರು ಜಾತ್ರೆ ಅಂತಲೇ ಎಲ್ಲರೂ ಕರೆಯುತ್ತಾರೆ, ಎಲ್ಲ ಜಾತಿ ಧರ್ಮದವರೂ ಹೋಗುತ್ತಾರೆ. ಲಾರೆನ್ಸರ ದಿನ ಆಗಸ್ಟ್ 10 ಆದರೂ ಅಲ್ಲಿಯೂ ಜಾತ್ರೆ ಜನವರಿಯಲ್ಲೇ. ಆಗಸ್ಟ್ ಅಂದರೆ ನಮ್ಮಲ್ಲಿ ಆಟಿ ತಿಂಗಳ ಮಳೆ, ತೇರು ಎಳೆಯುವ ಕಾಲವಲ್ಲ. 1759ರಲ್ಲಿ ಶುರುವಾದ ಚರ್ಚ್ ಅದು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದೂ ಹಾಳಾಯಿತು. ಉಳಿದವರು ಮರಳಿ ಬಂದು ಮತ್ತೆ ಕಟ್ಟಿದರು. ಹಿರಿಯರು ಹೇಳುವ ಕತೆಯೊಂದಿದೆ. ಚರ್ಚಿಗೆ ಜಾಗ ಹುಡುಕುತ್ತಾ ಸಂತರ ಮರದ ಮೂರ್ತಿ ಹಿಡಿದು ಹೊರಟವರು ದಣಿದು ನೀರಿನ ಒರತೆಯೊಂದರ ಹತ್ತಿರ ಕೂತರಂತೆ. ಏಳುವಾಗ ಮೂರ್ತಿ ಮೇಲೇಳಲಿಲ್ಲವಂತೆ. ಇಲ್ಲೇ ಕಟ್ಟುತ್ತೇವೆ ಅಂತ ಮಾತು ಕೊಟ್ಟ ಮೇಲೆ ಮೂರ್ತಿ ಹಗುರವಾಯಿತಂತೆ. 2016ರಲ್ಲಿ ಆ ಚರ್ಚಿಗೆ ಬಸಿಲಿಕದ ಗೌರವ ಸಿಕ್ಕಿತು. ನನಗೆ ಮಾತ್ರ ಆ ಕತೆಯಲ್ಲಿ ಯಾವಾಗಲೂ ಕಣ್ಣಿಗೆ ಕಟ್ಟುವುದು ದಣಿದು ನೀರಿನ ಹತ್ತಿರ ಕೂತ ಜನ. ಸಂತರು ನಿಂತದ್ದು ಅವರ ಜೊತೆ.

ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಹಬ್ಬದಲ್ಲಿ ದಾನಿಗಳಿಗೆ ಬತ್ತಿ ಕೊಡಲಿ. ಅದೇ ಸಾಲಿನಲ್ಲಿ, ಅದೇ ಗಾತ್ರದ ಬತ್ತಿ, ಪ್ರತಿ ವಾರ್ಡಿನಿಂದ ದುಡಿದ ಒಬ್ಬರಿಗೂ ಕೊಡಲಿ. ಅವರನ್ನು ಮೊದಲು ಕರೆದರೆ ಇನ್ನೂ ಒಳ್ಳೆಯದು. ಒಲೆಯ ಮುಂದೆ ಇರುವವರು ಬರಲಾಗದಿದ್ದರೆ ಗುರುಗಳೇ ಎರಡು ನಿಮಿಷ ಬಾವಿಯ ಕಡೆ ನಡೆದು ಹೋಗಿ ಕೊಡಲಿ. ಮತ್ತೆ, ಯಾರು ಎಷ್ಟು ಕೊಟ್ಟರು ಅನ್ನುವುದನ್ನು ಕೆಲವು ಕಡೆ ಮೈಕಿನಲ್ಲಿ ಹೇಳುವ ಅಭ್ಯಾಸ ಇದೆ, ಅದು ನಿಲ್ಲಲಿ. ಲೆಕ್ಕ ಬೇಕು, ಖಂಡಿತ ಬೇಕು. ಸೂಚನಾ ಫಲಕದಲ್ಲಿ ಹಾಕಿ, ಸಭೆಯಲ್ಲಿ ಓದಿ. ಪೂಜೆಯ ನಡುವೆ ಬೇಡ.

ಇದನ್ನು ಕೆಲವರ ಹತ್ತಿರ ಹೇಳಿದಾಗ "ಹಾಗೆ ಮಾಡಿದ್ರೆ ಹಣ ಕೊಡುವವರು ಕಡಿಮೆ ಆಗ್ತಾರೆ" ಅಂದರು. ನನಗೆ ಹಾಗನ್ನಿಸುವುದಿಲ್ಲ. ಈ ವರ್ಷ ಬತ್ತಿ ಪಡೆದ ಮೂವರನ್ನು ನಾನೇ ಕೇಳಿದೆ. ಮೂವರೂ ಒಂದೇ ಮಾತು, "ನಮ್ಮ ಅಮ್ಮಂದಿರೂ ಅದೇ ಒಲೆ ಮುಂದೆ ಕೂತವರೇ ಅಲ್ವಾ." ಇನ್ನು ಕೆಲವರು "ಯಾರಿಗೆ ಕೊಡುವುದು, ಯಾರನ್ನು ಬಿಡುವುದು? ಜಗಳ ಆಗುತ್ತದೆ" ಅಂದರು. ಅದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಹತ್ತಿರವೇ ಇದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಲ್ಲಿ, ಅಂದರೆ ತೆನೆ ಹಬ್ಬದಲ್ಲಿ, ನಾವು ತೆನೆ ಹೇಗೆ ಹಂಚುತ್ತೇವೆ? ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಪ್ರತಿ ಮನೆಗೂ ಕೊಡುತ್ತೇವೆ. ಗದ್ದೆ ಇರುವವನಿಗೂ, ಇಲ್ಲದವನಿಗೂ. ಯಾರೂ ರಸೀದಿ ತೋರಿಸು ಅನ್ನುವುದಿಲ್ಲ. ಆ ತೆನೆಯ ಕಾಳು ಸುಲಿದು ಹಾಲಿಗೆ, ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತೇವೆ. ಒಬ್ಬರನ್ನು ಆರಿಸುವುದು ಕಷ್ಟ ಅಂತಾದರೆ ಎಲ್ಲ ಮನೆಗೂ ಒಂದೊಂದು ಸಣ್ಣ ಬತ್ತಿ ಕೊಡಿ. ಬತ್ತಿಯ ಖರ್ಚಿಗೆ ಏನು ಬೇಕೋ ಅದರಲ್ಲಿ ನನ್ನ ಪಾಲು ನಾನು ಕೊಡುತ್ತೇನೆ, ಹೆಸರು ಕರೆಯುವುದು ಬೇಡ.

ಯಕೋಬನ ಪತ್ರದ 2ನೇ ಅಧ್ಯಾಯ ನಮ್ಮ ಚರ್ಚಿನಲ್ಲೇ ಓದುತ್ತಾರೆ. ಚಿನ್ನದ ಉಂಗುರ ತೊಟ್ಟವನು ಬಂದರೆ ಒಳ್ಳೆಯ ಜಾಗ ತೋರಿಸುತ್ತೀರಿ, ಬಡವ ಬಂದರೆ ಅಲ್ಲಿ ನಿಂತುಕೋ ಅನ್ನುತ್ತೀರಿ, ಇದು ಸರಿಯಾ ಅಂತ ಅಲ್ಲಿ ಕೇಳಿದೆ. ಆ ವಾಚನ ಬಂದ ಭಾನುವಾರ ನಾವೆಲ್ಲ "ದೇವರಿಗೆ ಕೃತಜ್ಞತೆ ಸಲ್ಲಲಿ" ಅಂತ ಹೇಳಿ ಕೂತುಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೆಯೇ ಕೂತವನು.

ಬರುವ ಭಾನುವಾರ ಪಾಲನಾ ಮಂಡಳಿಯ ಸಭೆ ಇದೆ. ಹಬ್ಬದ ಲೆಕ್ಕ ಒಪ್ಪಿಸುತ್ತಾರೆ. ಈ ವಿಷಯವನ್ನು ಅಲ್ಲಿ ಎತ್ತುತ್ತೇನೆ ಅಂತ ನಮ್ಮ ಗುರುಗಳಿಗೆ ಮೊದಲೇ ಹೇಳಿದ್ದೇನೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, "ಬರೆದುಕೊಂಡು ಬನ್ನಿ" ಅಂದರು. ಬರೆಯಲಿಕ್ಕೆ ಕೂತಾಗ ಅದೇ ಈ ಪತ್ರವಾಯಿತು.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಜನವರಿಯಲ್ಲಿ ವರದಿಗಾರರನ್ನು ಬೆಳಿಗ್ಗೆ 10ರ ಪೂಜೆಗೆ ಕಳಿಸುವ ಬದಲು ರಾತ್ರಿ 3 ಗಂಟೆಗೆ ಕಳಿಸಿ. ಫೋಟೋ ತೆಗೆಯುವವರೂ ಬರಲಿ. ಚಳಿ ಇರುತ್ತದೆ, ಸ್ವೆಟರ್ ತರಲಿ. ಬಿಸಿ ಚಹಾ ಅಲ್ಲೇ ಸಿಗುತ್ತದೆ. ಚರ್ಚಿನ ಎಡಗಡೆಯಿಂದ ಹಿಂದೆ ಬಂದರೆ ಬಾವಿ, ಅದರ ಪಕ್ಕ ಶೆಡ್ಡು. ಯಾರನ್ನೂ ದಾರಿ ಕೇಳಬೇಕಾಗಿಲ್ಲ, ಹೊಗೆ ಕಾಣುತ್ತದೆ.

ಇಂತಿ,
ಚರ್ಚಿನ ಒಬ್ಬ ಸದಸ್ಯ,
ಉಡುಪಿ ಜಿಲ್ಲೆ